ದೊರೆಸಾನಿಯ ಚಿಗಟ

ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇಸ್ತ್ರಿ ಹಾಕುತ್ತಿದ್ದ ಆ ಹೆಂಗಸನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಅವಳಿಗಿಂತ ಆರು ವರ್ಷ ದೊಡ್ಡವಳಾದ ಮೇಲ್ವಿಚಾರಕಿಯೂ ಅಕ್ಕ ಎಂದೇ ಕರೆಯುತ್ತಿದ್ದಳೆಂದರೆ ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತು ನೋಡಿ. ದಿನಕ್ಕೆ ಮುನ್ನೂರು ಚಾದರ, ಅದರ ದುಪ್ಪಟ್ಟು ದಿಂಬಿನ ಚೀಲ. ಹಬೆ ಉಗುಳುವ ಇಸ್ತ್ರಿ ಯಂತ್ರದ ಉರುಳೆಯ ಮುಂದೆ ನಿಂತು ನಿಂತು ಅವಳ ಬೆರಳ ತುದಿಗಳಿಗೆ ಬಿಸಿ ಗೊತ್ತಾಗುವುದೇ ಬಿಟ್ಟುಹೋಗಿತ್ತು. ಒಲೆ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿಬಿಡುತ್ತಿದ್ದಳು. "ಇವಳದು ಕೈ ಅಲ್ಲ ಕಣ್ರಯ್ಯಾ, ಇಕ್ಕಳ," ಎಂದು ಅವಳ ಗಂಡ ಬಂದವರ ಮುಂದೆಲ್ಲ ತಮಾಷೆ ಮಾಡುತ್ತಿದ್ದ.

ಆ ಗಂಡ ಬಸ್ಸಿನ ಡ್ರೈವರ್. ಎದೆನೋವೆಂದು ಆಸ್ಪತ್ರೆ ಸೇರಿ ನಾಲ್ಕನೆಯ ದಿನಕ್ಕೆ ತೀರಿಕೊಂಡ. ಅವನು ಹೋಗುವಾಗ ಮನೆಯಲ್ಲಿ ಉಳಿದದ್ದು ಹೆಂಡತಿ, ಹೊಟ್ಟೆ ನೋಡಿದವರೆಲ್ಲ ಹಂಡೆ ಎಂದು ಕರೆಯುತ್ತಿದ್ದ ಒಂದು ನಾಯಿ, ಮತ್ತೆ ದೊರೆಸಾನಿ ಎಂಬ ಬೂದು ಬಣ್ಣದ ಬೆಕ್ಕು. ದೊರೆಸಾನಿಯನ್ನು ಅವನು ಡಿಪೋದಲ್ಲಿ ಬಸ್ಸಿನ ಕೊನೆಯ ಸೀಟಿನಡಿಯಿಂದ ಎತ್ತಿಕೊಂಡು, ಊಟದ ಚೀಲದಲ್ಲಿಟ್ಟು ಮನೆಗೆ ತಂದಿದ್ದ. ಅಂದಿನಿಂದ ಅದಕ್ಕೆ ಅವನ ಎದೆಯೇ ಹಾಸಿಗೆ. ಇಸ್ತ್ರಿಯಕ್ಕ ಹತ್ತಿರ ಹೋದರೆ ಸಾಕು, ಬಾಲ ಕೊಡವಿ ಎದ್ದು ಹೋಗುತ್ತಿತ್ತು. ಅದಕ್ಕೆ ಅವಳು ಇಟ್ಟ ಹೆಸರು ಸವತಿ. "ನಿನ್ನ ಸವತೀಗೆ ಹಾಲು ಹಾಕಿದ್ಯಾ?" ಎಂದು ಅವನೂ ನಗುತ್ತಾ ಕೇಳುತ್ತಿದ್ದ.

ಆಸ್ಪತ್ರೆಯಲ್ಲಿ ಮೂರನೆಯ ದಿನ ಸಂಜೆ ಅವನು ಹೆಂಡತಿಯನ್ನು ಹತ್ತಿರ ಕರೆದ. ಮೂಗಿನಲ್ಲಿ ನಳಿಕೆ, ಮಾತು ತಡವರಿಸುತ್ತಿತ್ತು. "ದೊರೆಸಾನೀನ ನೋಡ್ಕೋ. ಎಲ್ಲಿಗೂ ಕಳಿಸ್ಬೇಡ," ಎಂದ. ಅವಳು ಹೂಂ ಎಂದಳು. ಅಷ್ಟೇ. ಇಪ್ಪತ್ತಾರು ವರ್ಷ ಒಟ್ಟಿಗೆ ಬಾಳಿದ ಮನುಷ್ಯ ಕೊನೆಗೆ ಆಡಿದ ಮಾತು ಬೆಕ್ಕಿನ ವಿಷಯ! ಬೇರೆ ಯಾವ ಹೆಂಗಸಾಗಿದ್ದರೂ ಆ ಮಂಚದ ಪಕ್ಕದಲ್ಲೇ ಜಗಳ ತೆಗೆಯುತ್ತಿದ್ದಳು. ಇವಳು ನೀರಿನ ಲೋಟ ತೊಳೆಯಲು ಎದ್ದು ಹೋದಳು.

ಆಮೇಲೆ ಏಳು ತಿಂಗಳು. ಐದನೆಯ ದಿನವೇ ಕೆಲಸಕ್ಕೆ ಹೋದಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ದುಃಖವಾಗಲಿ, ಸಿಟ್ಟಾಗಲಿ, ಯಾವುದೂ ಇತ್ತ ತಲೆಹಾಕಲಿಲ್ಲ. ಸಂಜೆ ಮನೆಗೆ ಬಂದು ಹಂಡೆಯನ್ನು ಬೀದಿ ಸುತ್ತಿಸಿ, ಎರಡಕ್ಕೂ ಊಟ ಹಾಕಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಮುಂದಿನ ಕೋಣೆಯಲ್ಲಿ ಡ್ರೈವರ್ ಕೂರುತ್ತಿದ್ದ ಮೆತ್ತೆಯ ಕುರ್ಚಿ, ಅದರ ಮೇಲೆ ಅವನ ಕಂದು ಉಣ್ಣೆಯ ಸ್ವೆಟರ್, ಅದರ ಮೇಲೆ ದೊರೆಸಾನಿ. ಆ ಕುರ್ಚಿಯ ಬಳಿ ಅವಳು ಹೋಗಲಿಲ್ಲ. ಗುಡಿಸುವಾಗಲೂ ಪೊರಕೆ ಅದನ್ನು ಸುತ್ತು ಹಾಕಿ ಹೋಗುತ್ತಿತ್ತು. ಊರಿನವರ ಚಾದರಗಳನ್ನೆಲ್ಲ ಒಗೆದು ಇಸ್ತ್ರಿ ಮಾಡುವವಳ ಮನೆಯಲ್ಲಿ ಒಂದು ಸ್ವೆಟರ್ ಏಳು ತಿಂಗಳಿಂದ ನೀರು ಕಂಡಿರಲಿಲ್ಲ.

ಚಿಗಟ ಕಂಡುಹಿಡಿದವಳು ನಾದಿನಿ. ಡ್ರೈವರನ ತಂಗಿ, ಎರಡು ಬೀದಿ ಆಚೆ ಇದ್ದಳು, ಚಪ್ಪಲಿ ಅಂಗಡಿಯಲ್ಲಿ ಕೆಲಸ, ಬಾಯಿ ಸ್ವಲ್ಪ ಜೋರು. ಒಂದು ಬುಧವಾರ ಸಂಜೆ ಬಂದು ಕೂತವಳು ಹತ್ತು ನಿಮಿಷಕ್ಕೆ ಕಾಲು ಕೆರೆದುಕೊಳ್ಳತೊಡಗಿದಳು. ಬಿಳಿ ಕಾಲುಚೀಲದ ಮೇಲೆ ಎಳ್ಳಿನಷ್ಟು ಕಪ್ಪಗಿನದೊಂದು ಕಂಡಿತು. ಬೆರಳಿಡುವಷ್ಟರಲ್ಲಿ ಚಂಗನೆ ಹಾರಿಹೋಯಿತು.

"ಅಯ್ಯಯ್ಯೋ, ಅತ್ತಿಗೆ! ಚಿಗಟ! ನಿನ್ನ ಕಾಲು ತೋರ್ಸು."

ಇಸ್ತ್ರಿಯಕ್ಕ ಬಗ್ಗಿ ನೋಡಿಕೊಂಡಳು. ಎರಡೂ ಪಾದದ ಗಂಟಿನ ಸುತ್ತ ಕೆಂಪು ಗಂಧೆಗಳು. ಕೆಲವು ಹಳೆಯವು, ಒಣಗಿದ್ದವು.

"ನಿಂಗೆ ಗೊತ್ತೇ ಆಗ್ಲಿಲ್ವಾ? ತುರಿಸ್ಲೂ ಇಲ್ವಾ?"

"ಇಲ್ಲ," ಎಂದಳು ಇಸ್ತ್ರಿಯಕ್ಕ. ಸುಳ್ಳಲ್ಲ, ನಿಜವಾಗಿ ಗೊತ್ತಾಗಿರಲಿಲ್ಲ.

ನಾದಿನಿ ಎದ್ದು ನಿಂತಳು, ಮತ್ತೆ ಕೂರುವ ಧೈರ್ಯ ಮಾಡಲಿಲ್ಲ. "ನೋಡು, ಒಂದೇ ಒಂದು ನಿನ್ನ ಬಟ್ಟೇಲಿ ಕೂತು ಆ ಹೋಟೆಲ್ ಚಾದರದ ಮೇಲೆ ಇಳೀತು ಅಂದ್ರೆ ನಿನ್ನ ಕೆಲಸಕ್ಕೆ ಎಳ್ಳುನೀರು. ನಾಯಿ ಇರ್ಲಿ, ಹೊರಗೆ ಕಟ್ಟು. ಆ ಬೆಕ್ಕನ್ನ ಕೊಟ್ಬಿಡು. ನಮ್ಮ ಅಂಗಡಿ ಗೋಡೌನಲ್ಲಿ ಇಲಿ ಕಾಟ, ಕೇಳ್ತಾನೇ ಇದಾರೆ."

"ಕಳಿಸಲ್ಲ."

"ನಿಂಗೇನು ಅದರ ಮೇಲೆ ಪ್ರೀತಿ ಉಕ್ಕಿ ಹರೀತಿದೆಯಾ?"

"ಇಲ್ಲ. ಕಳಿಸ್ಬೇಡ ಅಂದಿದಾರೆ."

"ಅವನೇನೋ ಅಂದು ಹೋದ, ಕಚ್ಚಿಸ್ಕೊಳ್ಳೋರು ನಾವು. ಭಾನುವಾರ ಮಧ್ಯಾಹ್ನ ಬರ್ತೀನಿ. ಅಷ್ಟರಲ್ಲಿ ಚಿಗಟ ಹೋಗಿರ್ಬೇಕು, ಇಲ್ಲಾಂದ್ರೆ ಬೆಕ್ಕು ಹೋಗತ್ತೆ. ನಾನೇ ಬುಟ್ಟಿ ತರ್ತೀನಿ." ಹಾಗೆಂದು ಹೊಸ್ತಿಲಾಚೆ ಹೋಗಿ ಎರಡೂ ಕಾಲು ಝಾಡಿಸಿ ಹೊರಟಳು.

ಬೆಕ್ಕನ್ನು ಉಳಿಸಿಕೊಳ್ಳಬೇಕು. ಇಸ್ತ್ರಿಯಕ್ಕನ ತಲೆಯಲ್ಲಿ ಇದ್ದದ್ದು ಅಷ್ಟೇ. ಯಾಕೆಂದು ಕೇಳಿಕೊಳ್ಳಲಿಲ್ಲ. ಹೂಂ ಎಂದಾಗಿತ್ತು, ಆ ಹೂಂ ಮುರಿಯಬಾರದು. ಶನಿವಾರ ಕುರ್ಚಿಯೊಂದನ್ನು ಬಿಟ್ಟು ಇಡೀ ಮನೆ ತಿಕ್ಕಿದಳು. ಭಾನುವಾರ ಬೆಳಿಗ್ಗೆ ಮೇಜಿನ ಡ್ರಾಯರ್ ತಡಕಿದಾಗ ಗಂಡ ಹಂಡೆಗೆಂದು ತಂದಿಟ್ಟಿದ್ದ ಚಿಗಟದ ಔಷಧಿ ಸಿಕ್ಕಿತು. ಬೆರಳುದ್ದದ ಎರಡು ಪ್ಲಾಸ್ಟಿಕ್ ನಳಿಕೆ, ಕತ್ತಿನ ಹಿಂಭಾಗದ ಚರ್ಮದ ಮೇಲೆ ಸುರಿಯುವಂಥದ್ದು. ಡಬ್ಬಿ ಇರಲಿಲ್ಲ, ಒಳಗಿನ ಚೀಟಿಯೂ ಇರಲಿಲ್ಲ. ಡ್ರೈವರ್ ಡಬ್ಬಿಗಳನ್ನು ಇಟ್ಟುಕೊಳ್ಳುವ ಪೈಕಿ ಅಲ್ಲ.

ಇಲ್ಲೇ ನೋಡಿ ಅವಳ ಕಸುಬು ಅವಳಿಗೆ ಕೈಕೊಟ್ಟದ್ದು. ಲಾಂಡ್ರಿಯಲ್ಲಿ ಸೋಪಿನ ಪುಡಿ ಹಾಕುವುದು ತೂಕದ ಮೇಲೆ. ಡ್ರಮ್ಮು ತುಂಬ ಬಟ್ಟೆಯಿದ್ದರೆ ತುಂಬಿದ ಅಳತೆ, ಅರ್ಧವಿದ್ದರೆ ಅರ್ಧ, ಕಾಲಿದ್ದರೆ ಕಾಲು. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಈ ಲೆಕ್ಕ ತಪ್ಪಿರಲಿಲ್ಲ. ಬಟ್ಟೆ ಗಂಟು ತೂಗುವ ಕೊಕ್ಕೆಯ ತಕ್ಕಡಿ ಮನೆಯಲ್ಲೂ ಒಂದಿತ್ತು. ಹಂಡೆಯನ್ನು ಚಾದರದಲ್ಲಿ ಕಟ್ಟಿ, ಏದುಸಿರು ಬಿಡುತ್ತಾ ಎತ್ತಿ ತೂಗಿದಳು, ಇಪ್ಪತ್ತನಾಲ್ಕು ಕೆಜಿ. ದೊರೆಸಾನಿಯನ್ನು ದಿಂಬಿನ ಚೀಲದಲ್ಲಿ ಹಾಕಿ ತೂಗಿದಳು, ನಾಲ್ಕು. ಆರರಲ್ಲಿ ಒಂದು ಪಾಲು. ಒಂದು ನಳಿಕೆ ಪೂರ್ತಿ ಹಂಡೆಗೆ. ಇನ್ನೊಂದನ್ನು ಚಮಚಕ್ಕೆ ಹನಿ ಹನಿಯಾಗಿ ಬಿಟ್ಟು ಎಣಿಸಿದಳು, ಮೂವತ್ತು. ಅದರಲ್ಲಿ ಐದು ಹನಿ ದೊರೆಸಾನಿಯ ಕತ್ತಿಗೆ. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗದಂತೆ, ಎಚ್ಚರದಿಂದ, ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಿದಳು. ಒಗೆಯುವ ಕ್ರಮ ಹೇಳುವ ಚೀಟಿ ಒಳಗಿಲ್ಲದ ಬಟ್ಟೆಯನ್ನು ಅವಳು ಜನ್ಮದಲ್ಲಿ ಡ್ರಮ್ಮಿಗೆ ಹಾಕಿದವಳಲ್ಲ. ಆ ಬೆಳಿಗ್ಗೆ ಅದೊಂದು ನೆನಪಾಗಲಿಲ್ಲ.

ಮಧ್ಯಾಹ್ನ ನಾದಿನಿ ಹೇಳಿದಂತೆಯೇ ಬುಟ್ಟಿ ಹಿಡಿದು ಬಂದಳು. ದೊರೆಸಾನಿ ಕುರ್ಚಿಯ ಕೆಳಗೆ ಬಿದ್ದಿತ್ತು. ಕಿವಿ ಪಟಪಟ ಅದುರುತ್ತಿದ್ದವು, ಬಾಯಿಂದ ಜೊಲ್ಲು. ಏಳಲು ಹೋಗಿ ಹಿಂಗಾಲು ಸೋತು ಪಕ್ಕಕ್ಕೆ ಬಿತ್ತು. ನೋಡನೋಡುತ್ತಿದ್ದಂತೆ ಇಡೀ ಮೈ ನಡುಗತೊಡಗಿತು.

"ಏನು ಮಾಡ್ದೆ ಅತ್ತಿಗೆ ಇದಕ್ಕೆ?"

"ಔಷಧಿ ಹಾಕ್ದೆ. ಹಂಡೇದು. ಐದೇ ಹನಿ."

ಚಿಗಟ, ಗೋಡೌನು, ತೀರ್ಮಾನ ಎಲ್ಲವೂ ನಾದಿನಿಯ ತಲೆಯಿಂದ ಹಾರಿಹೋಯಿತು. ಪ್ರಾಣಿಗಳ ಆಸ್ಪತ್ರೆಗೆ ಫೋನ್ ಮಾಡಿದಳು. ಆ ಕಡೆ ಡಾಕ್ಟರಮ್ಮ ಎರಡೇ ಪ್ರಶ್ನೆ ಕೇಳಿದಳು, ಆಮೇಲೆ ದನಿ ಏರಿತು. "ಈಗಲೇ ಆ ಜಾಗ ತೊಳೀರಿ. ಪಾತ್ರೆ ತೊಳೆಯೋ ಸೋಪು, ಉಗುರುಬೆಚ್ಚಗಿನ ನೀರು. ಬಿಸಿ ಬೇಡ, ತಣ್ಣೀರೂ ಬೇಡ. ಟವೆಲ್ಲಲ್ಲಿ ಸುತ್ಕೊಂಡು ಬೆಚ್ಚಗೆ ಹಿಡ್ಕೊಂಡು ಬನ್ನಿ. ತಡ ಮಾಡ್ಬೇಡಿ."

ಇಸ್ತ್ರಿಯಕ್ಕ ನಲ್ಲಿ ತಿರುಗಿಸಿ ನೀರಿಗೆ ಬೆರಳಿಟ್ಟಳು. ಬಿಸಿಯೋ ತಣ್ಣಗೋ, ಬೆರಳಿಗೆ ಏನೂ ತಿಳಿಯಲಿಲ್ಲ. ಮತ್ತೆ ಇಟ್ಟಳು. "ನೀನು ನೋಡು," ಎಂದಳು ನಾದಿನಿಗೆ. "ನನ್ನ ಕೈಗೆ ಗೊತ್ತಾಗಲ್ಲ." ನಾದಿನಿ ನೀರು ಹದ ಮಾಡಿಕೊಟ್ಟಳು, ಇಸ್ತ್ರಿಯಕ್ಕ ತೊಳೆದಳು. ಬೆಕ್ಕನ್ನು ಎದೆಗವಚಿಕೊಂಡು ಬೀದಿಯಲ್ಲಿ ಓಡಿದವಳು ಮಾತ್ರ ನಾದಿನಿ. ಬುಟ್ಟಿ ಬಾಗಿಲಲ್ಲೇ ಉಳಿಯಿತು.

ಡಾಕ್ಟರಮ್ಮ ಸೂಜಿ ಚುಚ್ಚಿ, ನಳಿಕೆ ಹಾಕಿ, ದೊರೆಸಾನಿಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಮಲಗಿಸಿ ಹೊರಗೆ ಬಂದಳು. "ಐದು ಹನಿ ಅಂದ್ರಲ್ಲ, ಐದು ಯಾಕೆ?"

ಇಸ್ತ್ರಿಯಕ್ಕ ಲೆಕ್ಕ ಒಪ್ಪಿಸಿದಳು. ಇಪ್ಪತ್ತನಾಲ್ಕು, ನಾಲ್ಕು, ಆರರಲ್ಲಿ ಒಂದು ಪಾಲು.

ಡಾಕ್ಟರಮ್ಮ ಬೈಯಲು ಬಾಯಿ ತೆರೆದವಳು ಬೈಯಲಿಲ್ಲ. "ಲೆಕ್ಕ ಸರಿಯಾಗೇ ಇದೆಯಮ್ಮ. ಆದ್ರೆ ಇದು ಲೆಕ್ಕದ ಮಾತಲ್ಲ. ನಾಯಿ ಈ ಔಷಧೀನ ಒಳಗೇ ಕರಗಿಸ್ಕೊಳ್ಳತ್ತೆ, ಬೆಕ್ಕಿನ ಲಿವರಿಗೆ ಆ ಶಕ್ತಿಯಿಲ್ಲ. ಅರ್ಧ, ಕಾಲು ಅಂತ ಏನಿಲ್ಲ, ಒಂದು ಹನೀನೂ ಬೇಡ. ನಾಯಿಗೆ ಹಾಕಿದ್ರೂ ಮೈ ಒಣಗೋವರೆಗೆ ಬೆಕ್ಕು ಹತ್ತಿರ ಹೋಗಬಾರದು."

"ಉಳಿಯತ್ತಾ?"

"ಮೂರು ದಿನ ನೋಡೋಣ."

ಆ ಮೂರು ದಿನ ಇಸ್ತ್ರಿಯಕ್ಕ ಕೆಲಸಕ್ಕೆ ಹೋದಳು, ಬಂದಳು. ಎರಡನೆಯ ದಿನ ಚಾದರವೊಂದು ಉರುಳೆಯಲ್ಲಿ ಸಿಕ್ಕಿಕೊಂಡು ಹಳದಿಯಾಗಿ, ಕಂದಾಗಿ, ಹೊಗೆ ಬಂದರೂ ಅವಳು ಅದನ್ನೇ ನೋಡುತ್ತಾ ನಿಂತಿದ್ದಳು. ಮೇಲ್ವಿಚಾರಕಿ ಓಡಿಬಂದು ಗುಂಡಿ ಒತ್ತಿದಳು. "ಅಕ್ಕಾ, ಹತ್ತೊಂಬತ್ತು ವರ್ಷದಲ್ಲಿ ನೀನು ಒಂದು ಕರ್ಚೀಫೂ ಸುಟ್ಟವಳಲ್ಲ. ಏನಾಯ್ತು?"

"ಬೆಕ್ಕಿಗೆ ಹುಷಾರಿಲ್ಲ," ಎಂದಳು ಇಸ್ತ್ರಿಯಕ್ಕ. ಗಂಡ ಸತ್ತ ಐದನೆಯ ದಿನವೇ ಕೆಲಸಕ್ಕೆ ಬಂದವಳು ಬೆಕ್ಕಿಗೆ ಹುಷಾರಿಲ್ಲವೆಂದು ಚಾದರ ಸುಟ್ಟಳಲ್ಲ ಎಂದು ಲಾಂಡ್ರಿಯವರು ಗುಸುಗುಸು ಮಾತಾಡಿಕೊಂಡರು. ಆಡಿಕೊಳ್ಳಲಿ ಬಿಡಿ, ಅವರಿಗೇನು ಗೊತ್ತು.

ದೊರೆಸಾನಿ ಬದುಕಿತು. ನಾಲ್ಕನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದಳು. ಬೆಕ್ಕಿಗೆ ಬೆಕ್ಕಿನದೇ ಔಷಧಿ, ನಾಯಿಗೆ ನಾಯಿಯದು, ಎರಡೂ ಬೆಕ್ಕಿರುವ ಮನೆಗೆ ಆಗಿಬರುವಂಥವು, ತನ್ನ ಕೈಯಿಂದಲೇ ಪಡೆದದ್ದು, ತಿಂಗಳಿಗೊಮ್ಮೆ, ಮೂರು ತಿಂಗಳು. "ಮೊದಲ ಸಲ ಬೆಕ್ಕಿಗೆ ನಾನೇ ಹಾಕ್ತೀನಿ, ಅದು ಪೂರ್ತಿ ಚೇತರಿಸ್ಕೊಂಡ ಮೇಲೆ. ಅಲ್ಲೀವರೆಗೆ ಬರೀ ಬಾಚಣಿಗೆ. ಸಣ್ಣ ಹಲ್ಲಿನದು, ದಿನಾ ಸಂಜೆ ಕತ್ತಿಂದ ಬಾಲದವರೆಗೆ ಬಾಚಿ, ಸೋಪಿನ ನೀರಲ್ಲಿ ಅದ್ದಿ. ಸಿಕ್ಕಿದ್ದು ಮುಳುಗಿ ಸಾಯತ್ತೆ. ಇನ್ನು ಮನೆ. ಮೈಮೇಲೆ ಕಾಣೋದು ನಾಲ್ಕು ಕಾಳು, ಉಳಿದದ್ದೆಲ್ಲ ಮೊಟ್ಟೆ, ಹುಳ ಆಗಿ ಸಂದಿಗೊಂದೀಲಿ ಇರತ್ತೆ. ದಿನಾ ವ್ಯಾಕ್ಯೂಮ್ ಹೊಡೀರಿ, ಚೀಲ ಹೊರಗೆ ಹೋಗಿ ಖಾಲಿ ಮಾಡಿ. ಹಾಸೋದು ಹೊದೆಯೋದು ವಾರಕ್ಕೊಂದು ಸಲ ಅರವತ್ತು ಡಿಗ್ರಿ ನೀರಲ್ಲಿ ಒಗೀರಿ. ಬೆಕ್ಕು ಮಲಗೋದು ಯಾವುದರ ಮೇಲೆ?"

"ಸ್ವೆಟರ್ ಮೇಲೆ."

"ಮೊದಲು ಅದು."

ಉಣ್ಣೆಯನ್ನು ಅರವತ್ತು ಡಿಗ್ರಿ ನೀರಿಗೆ ಹಾಕಿದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಸಬರು ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ಕಲಿಸುತ್ತಿದ್ದ ಮೊದಲ ಪಾಠವೇ ಅದು. ಎಸೆದು ಬೇರೆ ಹಾಸಬಹುದಿತ್ತು. ಆದರೆ ಬೆಕ್ಕಿಗೆ ಅದೇ ಬೇಕು, ಎಸೆಯಲು ಅವಳಿಗೂ ಕೈ ಬರಲಿಲ್ಲ. ನೀರು ಕಾಯಿಸಿ, ಅಳತೆ ನೋಡಿ, ಸ್ವೆಟರನ್ನು ಮುಳುಗಿಸಿದಳು. ನೀರು ಕಂದಾಯಿತು, ತೇಲಿದ್ದರಲ್ಲಿ ಕಪ್ಪು ಚುಕ್ಕೆಗಳು, ಬೆಕ್ಕಿನ ಕೂದಲು, ಒಂದು ಬಸ್ ಟಿಕೇಟಿನ ಚೂರು. ಒಣಗಿದ ಮೇಲೆ ಸ್ವೆಟರ್ ಐದು ವರ್ಷದ ಮಗುವಿಗೆ ಆಗುವಷ್ಟಾಗಿತ್ತು, ಮುಟ್ಟಿದರೆ ರಟ್ಟು. ಮೂಸಿ ನೋಡಿದಳು. ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆಗಲೂ ಅವಳಿಗೆ ಏನೂ ಅನ್ನಿಸಲಿಲ್ಲ. ಮಡಿಸಿ ಕುರ್ಚಿಯ ಮೇಲಿಟ್ಟಳು. ದೊರೆಸಾನಿ ಬಂದು ಮೂಸಿ, ಅವಳ ಮುಖ ನೋಡಿ, ಬೇರೆ ದಾರಿಯಿಲ್ಲದೆ ಅದರ ಮೇಲೇ ಕೂತಿತು.

ಎರಡನೆಯ ವಾರ ಚಿಗಟ ಹೆಚ್ಚಾದವು. ನಾದಿನಿ ತಲೆಮೇಲೆ ಕೈಹೊತ್ತಳು. "ಇಷ್ಟೆಲ್ಲಾ ಮಾಡಿದ್ದು ನೀರಲ್ಲಿ ಹೋಮ!" ಡಾಕ್ಟರಮ್ಮನಿಗೆ ಫೋನ್ ಮಾಡಿದರೆ ಅವಳು ನಕ್ಕಳು. "ಹೆದರಬೇಡಿ. ಗೂಡು ಕಟ್ಕೊಂಡು ಕೂತಿರೋದನ್ನ ಯಾವ ಔಷಧೀನೂ ಮುಟ್ಟಲ್ಲ. ಯಾರೂ ಓಡಾಡದ ಕಡೆ ತಿಂಗಳುಗಟ್ಟಲೆ ಹಾಗೇ ಇರತ್ತೆ. ಹೆಜ್ಜೆ ಅದುರಿದ್ರೆ, ಶಾಖ ತಾಗಿದ್ರೆ ಹೊರಗೆ ಬರತ್ತೆ, ಬಂದ್ಮೇಲೆ ಸಾಯತ್ತೆ. ವ್ಯಾಕ್ಯೂಮ್ ಹೊಡೀರಿ, ಓಡಾಡಿ. ಮೂಲೆ ಮೂಲೇಲೂ ಓಡಾಡಿ."

ಹಾಗಾಗಿ ಇಸ್ತ್ರಿಯಕ್ಕ ಕುರ್ಚಿಯ ಸುತ್ತ ಓಡಾಡಿದಳು. ಅದನ್ನು ಎಳೆದು, ಮಗುಚಿ, ಮೆತ್ತೆಯ ಸಂದಿಯಲ್ಲೆಲ್ಲ ವ್ಯಾಕ್ಯೂಮಿನ ನಳಿಕೆ ತೂರಿಸಿದಳು. ದಿನಾ ಸಂಜೆ ಅದೇ ಕೆಲಸ, ವಾರದ ಮೇಲೆ ವಾರ. ಕೆಲಸ ಮುಗಿದ ಮೇಲೆ ಬಾಚಣಿಗೆ, ಸೋಪಿನ ನೀರಿನ ಬಿಳಿ ಬಟ್ಟಲು. ಬಾಚಬೇಕಾದರೆ ಬೆಕ್ಕು ಮಡಿಲಲ್ಲಿರಬೇಕು, ಸ್ಟೂಲಿನ ಮೇಲೆ ಅದು ಆಗುವ ಮಾತಲ್ಲ. ಗಂಡನ ಕುರ್ಚಿಯಲ್ಲೇ ಕೂತಳು.

ಮೊದಮೊದಲು ದೊರೆಸಾನಿ ಪರಚಿತು. "ಸುಮ್ನೆ ಕೂರೇ ಸವತಿ, ನಂಗೇನೂ ಸುಖ ಇಲ್ಲ ಇದ್ರಲ್ಲಿ," ಎಂದು ಇವಳು ಗದರಿಸಿದಳು. ಮೊದಲ ವಾರ ಬಟ್ಟಲಲ್ಲಿ ಇಪ್ಪತ್ತು, ಎರಡನೆಯ ವಾರ ಮೂವತ್ತು ತೇಲುತ್ತಿದ್ದವು. ಆಮೇಲೆ ಹತ್ತು. ಆಮೇಲೆ ಮೂರು. ಬೆಕ್ಕು ಪರಚುವುದನ್ನು ಬಿಟ್ಟಿತು. ಬಟ್ಟಲಿನ ಸದ್ದಾದರೆ ತಾನಾಗಿ ಬಂದು ಹಾರಿ ಕೂರುವುದಕ್ಕೆ ಶುರುಮಾಡಿತು. ಒಂದು ಸಂಜೆ ಬಾಚುತ್ತಿದ್ದಾಗ ಅದರ ಹೊಟ್ಟೆಯೊಳಗಿನ ಗುರುಗುರು ಇವಳ ತೊಡೆಗೆ ತಾಗಿತು. ಬಾಚಣಿಗೆ ಕೆಳಗಿಟ್ಟು, ಬರಿಗೈಯನ್ನು ಅದರ ಬೆನ್ನ ಮೇಲಿಟ್ಟಳು. ಬೆಚ್ಚಗಿತ್ತು. ಬೆರಳಿಗೆ ಗೊತ್ತಾಯಿತು.

ನಾದಿನಿ ಪ್ರತಿ ಭಾನುವಾರ ಬಂದು ಬಟ್ಟಲಿಗೆ ಕಣ್ಣಿಟ್ಟು ಪರೀಕ್ಷೆ ಮಾಡಿ ಹೋಗುತ್ತಿದ್ದಳು. ಮೂರನೆಯ ತಿಂಗಳ ಕೊನೆಯ ಎರಡು ವಾರ ನೀರು ಹಾಕಿದಷ್ಟೇ ಸ್ವಚ್ಛವಾಗಿತ್ತು, ಒಂದು ಕಪ್ಪು ಚುಕ್ಕೆಯೂ ಇಲ್ಲ. "ಗೆದ್ದೆ ಕಣೇ ಅತ್ತಿಗೆ!" ಎಂದು ಬೆನ್ನಿಗೊಂದು ಗುದ್ದಿದಳು. ಗೋಡೌನಿನ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ.

ಕೊನೆಯ ಔಷಧಿ ಹಾಕಿಸಲು ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ದೊರೆಸಾನಿಯ ಕೂದಲು ಬಿಡಿಸಿ ಬಿಡಿಸಿ ನೋಡಿದಳು. "ಭೇಷ್. ಒಂದು ಕಲೆಯೂ ಇಲ್ಲ. ಬಾಚಣಿಗೆಗೆ ಏನಾದ್ರೂ ಸಿಗ್ತಿದೆಯಾ? ಇಲ್ಲಾಂದ್ರೆ ಬಾಚೋದು ಇನ್ನು ಸಾಕು."

"ಸಿಕ್ತು," ಎಂದಳು ಇಸ್ತ್ರಿಯಕ್ಕ. "ನಿನ್ನೆ. ಒಂದು."

ನಾದಿನಿ ತಟ್ಟನೆ ತಿರುಗಿದಳು. ಅತ್ತಿಗೆಯ ಮುಖ ನೋಡಿದವಳು ಬೆಕ್ಕನ್ನು ಬುಟ್ಟಿಗೆ ಇಳಿಸತೊಡಗಿದಳು.

"ಹಾಗಾದ್ರೆ ಇನ್ನೊಂದು ತಿಂಗಳು ಬಾಚಿ," ಎಂದು ಡಾಕ್ಟರಮ್ಮ ಚೀಟಿಯಲ್ಲಿ ಬರೆದುಕೊಟ್ಟಳು.

ಬಸ್ ನಿಲ್ದಾಣದ ಬೆಂಚಿನ ಮೇಲೆ ನಾದಿನಿ ಬುಟ್ಟಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಬುಟ್ಟಿಯೊಳಗೆ ಕುಗ್ಗಿದ ಸ್ವೆಟರ್, ಅದರ ಮೇಲೆ ದೊರೆಸಾನಿ. "ಹದಿನೈದು ದಿನದಿಂದ ಒಂದೂ ಇಲ್ಲ. ನಾನೇ ನೋಡಿದೀನಿ," ಎಂದಳು ಮೆಲ್ಲಗೆ. "ಯಾಕೆ ಸುಳ್ಳು ಹೇಳ್ದೆ ಅತ್ತಿಗೆ?"

ಇಸ್ತ್ರಿಯಕ್ಕ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದಳು, ಅಂಚಿಗೆ ಅಂಚು ಕೂಡಿಸಿ. "ಬಾಚೋದು ನಿಂತ್ರೆ ಅದು ನನ್ನ ಹತ್ರ ಬರಲ್ಲ," ಎಂದಳು. ಮಡಿಸಿದ ಚೀಟಿಯನ್ನು ಮತ್ತೆ ಬಿಡಿಸಿದಳು. "ಅವರು ಇಲ್ಲ ಕಣೇ. ಮನೇಲಿ ಅವರು ಇಲ್ಲ. ನಂಗೆ ತುಂಬಾ ನೋಯ್ತಿದೆ."

ಹತ್ತು ತಿಂಗಳ ಅಳು ಅದು, ಸುಮ್ಮನೆ ಬಂತೆ? ಹಾದುಹೋಗುವವರೆಲ್ಲ ತಿರುಗಿ ನೋಡುವ ಹಾಗೆ ಅತ್ತಳು. ಬಸ್ಸು ಬಂದು ನಿಂತಿತು, ಬಾಗಿಲು ತೆರೆದು ಡ್ರೈವರ್ ಇವರಿಬ್ಬರಿಗಾಗಿ ಕಾದ. ನಾದಿನಿ ಒಂದು ಕೈಯಲ್ಲಿ ಬುಟ್ಟಿ ಹಿಡಿದು, ಇನ್ನೊಂದನ್ನು ಅತ್ತಿಗೆಯ ಹೆಗಲ ಮೇಲಿಂದ ತೆಗೆಯದೆ, ನೀವು ಹೋಗಿ ಎಂದು ಅವನಿಗೆ ತಲೆಯಾಡಿಸಿದಳು.